ಪಿಎಚ್ ಏರಿಸಿದರೆ ತಾಮ್ರ ಹ್ಯೂಮಸ್‌ಗೆ ಅಂಟಿಕೊಳ್ಳಬೇಕಲ್ವಾ? ಮತ್ತೆ ನೀರಿಗೆ ಯಾಕೆ ಬರುತ್ತಿದೆ?

ತೇವಮಣ್ಣು:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದೇ ಗ್ರಾಫ್ ಹಿಡಿದುಕೊಂಡು ಕೂತಿದ್ದೇನೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಕೆಲಸ ಇಷ್ಟು. ಸಾವಯವ ಅಂಶ (ಹ್ಯೂಮಸ್, ಅಂದರೆ ಗಿಡ-ಎಲೆ ಕೊಳೆತು ಉಳಿದದ್ದು) ಜಾಸ್ತಿ ಇರುವ ಒಂದು ಮಣ್ಣು ತಗೊಂಡು, ಯಾವ ಪಿಎಚ್‌ನಲ್ಲಿ (ಹುಳಿ-ಕ್ಷಾರದ ಅಳತೆ, ಕಮ್ಮಿ ಇದ್ದಷ್ಟೂ ಹುಳಿ) ಅದು ಭಾರಲೋಹಗಳನ್ನು ಎಷ್ಟು ಹಿಡಿದುಕೊಳ್ಳುತ್ತದೆ ಅಂತ ನೋಡುವುದು. ಪ್ರತಿ ಟ್ಯೂಬಿಗೆ 1 ಗ್ರಾಂ ಮಣ್ಣು, 25 ಮಿಲಿ 0.01 ಮೋಲಾರ್ ಸೋಡಿಯಂ ನೈಟ್ರೇಟ್, ಅಳೆದು ಹಾಕಿದ ಲೋಹ. ನೈಟ್ರಿಕ್ ಆಮ್ಲ ಅಥವಾ ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿ ಹಾಕಿ ಪಿಎಚ್ 3.5ರಿಂದ 8.5ರವರೆಗೆ ಅರ್ಧರ್ಧ ಅಂತರದಲ್ಲಿ ಹನ್ನೊಂದು ಟ್ಯೂಬ್. 24 ಗಂಟೆ ಶೇಕರ್‌ನಲ್ಲಿಟ್ಟು, ಸೆಂಟ್ರಿಫ್ಯೂಜ್ ಮಾಡಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಕೆಳಗಿಳಿದ ನೀರಿನಲ್ಲಿ ಲೋಹ ಎಷ್ಟಿದೆ ಅಂತ ಅಳೆಯುತ್ತೇನೆ. ಹಾಕಿದ್ದರಲ್ಲಿ ನೀರಿನಲ್ಲಿ ಉಳಿದದ್ದನ್ನು ಕಳೆದರೆ ಮಣ್ಣು ಹಿಡಿದದ್ದು ಸಿಗುತ್ತದೆ ಅಂತ ಲೆಕ್ಕ.

ಕ್ಯಾಡ್ಮಿಯಂ ಓದಿದ ಹಾಗೇ ಬಂತು. ಪಿಎಚ್ ಏರುತ್ತಾ ಹೋದ ಹಾಗೆ ನೀರಿನಲ್ಲಿ ಅದು ಕಮ್ಮಿಯಾಗುತ್ತಾ ಹೋಯಿತು. ತಾಮ್ರ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. 3.5ರಿಂದ 5.5ರವರೆಗೆ ಚೆನ್ನಾಗಿ ಇಳಿಯಿತು, 6ರ ಹತ್ತಿರ ತಳ ಮುಟ್ಟಿತು, 7 ದಾಟಿದ ಮೇಲೆ ಮತ್ತೆ ಏರತೊಡಗಿತು. 8.5ರ ಟ್ಯೂಬಿನ ನೀರಿನಲ್ಲಿರುವ ತಾಮ್ರವೂ 4.5ರ ಟ್ಯೂಬಿನಲ್ಲಿರುವ ತಾಮ್ರವೂ ಹೆಚ್ಚುಕಮ್ಮಿ ಒಂದೇ. ಹ್ಯೂಮಸ್‌ನಲ್ಲಿರುವ ಹ್ಯೂಮಿಕ್ ಆಮ್ಲ ಪಿಎಚ್ ಏರಿದಷ್ಟೂ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಹಾಗಾದರೆ ಇದೇನು?

ಲ್ಯಾಬಿನಲ್ಲಿ ಹಿರಿಯರೊಬ್ಬರು "ಟ್ಯೂಬ್ ಸರಿಯಾಗಿ ತೊಳೆದಿಲ್ಲ" ಅಂದರು. ಹೊಸ ಟ್ಯೂಬ್ ತಂದು ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ತೊಳೆದು ಮತ್ತೆ ಮಾಡಿದೆ. ಒಟ್ಟು ಮೂರು ಸಲ. ಮೂರು ಸಲವೂ ಅದೇ ಆಕಾರ, ಯು ಅಕ್ಷರದ ಹಾಗೆ.

ಇನ್ನೊಂದು ಗೊಂದಲ ಸೀಸದ್ದು. ಹೋಲಿಕೆಗೆ ಅಂತ ಮಣ್ಣೇ ಹಾಕದ ಟ್ಯೂಬ್‌ಗಳನ್ನೂ ಇಟ್ಟಿದ್ದೆ. ಅವುಗಳಲ್ಲೂ ಪಿಎಚ್ 7ರ ಮೇಲೆ ಸೀಸ ನೀರಿನಿಂದ ಮಾಯ! ಮಣ್ಣೇ ಇಲ್ಲದ ಮೇಲೆ ಅದನ್ನು ಹಿಡಿದದ್ದು ಯಾವುದು?

ಬೇರುಬುಡ:

ತೇವಮಣ್ಣು ಅವರೇ, ನಿಮ್ಮ ಟ್ಯೂಬ್ ಸ್ವಚ್ಛವಾಗಿಯೇ ಇದೆ. ಮೂರು ಸಲ ಅದೇ ಆಕಾರ ಬಂದಿದೆ ಅಂದರೆ ಮಣ್ಣು ಏನೋ ಹೇಳುತ್ತಿದೆ ಅಂತಲೇ ಅರ್ಥ. ಮೊದಲು ಒಂದು ಪ್ರಶ್ನೆ. ಸೋಸಿದ ಮೇಲೆ ಬಂದ ನೀರಿನ ಬಣ್ಣ ನೋಡಿದ್ದೀರಾ? ಹನ್ನೊಂದೂ ಟ್ಯೂಬ್‌ಗಳನ್ನು ಒಂದು ಬಿಳಿ ಹಾಳೆಯ ಮುಂದೆ ಸಾಲಾಗಿ ನಿಲ್ಲಿಸಿ ನೋಡಿ. 4ರ ಟ್ಯೂಬ್ ನೀರಿನ ಹಾಗೇ ಇರುತ್ತದೆ, 8.5ರದ್ದು ಕಂದು ಬಣ್ಣಕ್ಕೆ ತಿರುಗಿರುತ್ತದೆ ಅಂತ ನನ್ನ ಊಹೆ. ಆ ಕಂದು ಬಣ್ಣದಲ್ಲೇ ನಿಮ್ಮ ತಾಮ್ರ ಇದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹ್ಯೂಮಿಕ್ ಪದಾರ್ಥಗಳ ಮೈತುಂಬಾ ಕಾರ್ಬಾಕ್ಸಿಲ್ ಗುಂಪುಗಳು, ಫಿನಾಲ್ ಗುಂಪುಗಳು ಇರುತ್ತವೆ. ಲೋಹ ಕೂರುವ ಜಾಗ ಮುಖ್ಯವಾಗಿ ಇವೇ. ಹುಳಿ ವಾತಾವರಣದಲ್ಲಿ ಈ ಜಾಗಗಳಲ್ಲಿ ಹೈಡ್ರೋಜನ್ ಅಯಾನು ಕೂತಿರುತ್ತದೆ. ಪಿಎಚ್ ಏರಿದ ಹಾಗೆ ಅದು ಎದ್ದು ಹೋಗುತ್ತದೆ, ಜಾಗ ಖಾಲಿಯಾಗುತ್ತದೆ, ಅಲ್ಲಿ ಋಣ ವಿದ್ಯುದಂಶ ಉಳಿಯುತ್ತದೆ, ಧನ ವಿದ್ಯುದಂಶ ಇರುವ ಲೋಹ ಬಂದು ಕೂರುತ್ತದೆ. ಕಾರ್ಬಾಕ್ಸಿಲ್ ಗುಂಪುಗಳು ಹೆಚ್ಚಾಗಿ ಪಿಎಚ್ 3ರಿಂದ 5ರ ಸುತ್ತ ಖಾಲಿಯಾಗುತ್ತವೆ, ಫಿನಾಲ್ ಗುಂಪುಗಳು 8 ದಾಟಿದ ಮೇಲೆ. ಹ್ಯೂಮಿಕ್ ಆಮ್ಲ ಅನ್ನುವುದು ಒಂದೇ ಅಣು ಅಲ್ಲ, ಸಾವಿರ ಬಗೆಯ ಅಣುಗಳ ಮಿಶ್ರಣ. ಆದ್ದರಿಂದ ಜಾಗಗಳೆಲ್ಲ ಒಂದೇ ಸಲ ತೆರೆಯುವುದಿಲ್ಲ. ಪಿಎಚ್ ಏರುತ್ತಾ ಹೋದ ಹಾಗೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಹಾಗಾಗಿಯೇ ಗ್ರಾಫಿನಲ್ಲಿ ಕಡಿದಾದ ಮೆಟ್ಟಿಲು ಕಾಣುವುದಿಲ್ಲ, ಉದ್ದನೆಯ ಇಳಿಜಾರು ಕಾಣುತ್ತದೆ.

ಪೈಪೋಟಿಯ ಲೆಕ್ಕವನ್ನೂ ಒಮ್ಮೆ ನೋಡಿ. ಪಿಎಚ್ 4ರಲ್ಲಿ ಒಂದು ಲೀಟರಿನಲ್ಲಿ 100 ಮೈಕ್ರೋಮೋಲ್ ಹೈಡ್ರೋಜನ್ ಅಯಾನು ಇರುತ್ತದೆ. ಪಿಎಚ್ 7ರಲ್ಲಿ 0.1 ಮೈಕ್ರೋಮೋಲ್. ಮೀಟರಿನಲ್ಲಿ ಬರೀ ಮೂರು ಅಂಕಿ ಸರಿದಂತೆ ಕಾಣುತ್ತದೆ, ಎದುರಾಳಿ ಮಾತ್ರ ಸಾವಿರ ಪಟ್ಟು ಕಮ್ಮಿಯಾಗಿರುತ್ತಾನೆ. ಅದಕ್ಕೇ 3.5ರಿಂದ 5.5ರವರೆಗೆ ನಿಮ್ಮ ತಾಮ್ರ ಅಷ್ಟು ಜೋರಾಗಿ ಇಳಿದದ್ದು.

ಇಲ್ಲಿಯವರೆಗೆ ಪುಸ್ತಕದಲ್ಲಿ ಇರುವುದೇ. ಆದರೆ ಪಿಎಚ್ ಬದಲಾದಾಗ ಹಿಡಿತ ಒಂದೇ ಬದಲಾಗುವುದಿಲ್ಲ, ಹಿಡಿಯುವ ವಸ್ತುವೇ ಬದಲಾಗುತ್ತದೆ. ಋಣ ವಿದ್ಯುದಂಶ ಜಾಸ್ತಿಯಾದಂತೆ ಹ್ಯೂಮಿಕ್ ಅಣುಗಳು ಒಂದನ್ನೊಂದು ದೂರ ತಳ್ಳುತ್ತವೆ, ಮುದುಡಿಕೊಂಡಿದ್ದವು ಬಿಡಿಸಿಕೊಳ್ಳುತ್ತವೆ, ಮಣ್ಣಿನ ಕಣ ಬಿಟ್ಟು ನೀರಿಗೆ ಇಳಿಯುತ್ತವೆ. ಹೆಸರು ಇಟ್ಟಿರುವುದೂ ಈ ಗುಣ ನೋಡಿಯೇ ಅಲ್ವಾ? ಕ್ಷಾರದಲ್ಲಿ ಕರಗಿ, ಆಮ್ಲ ಹಾಕಿ ಪಿಎಚ್ 1ಕ್ಕೆ ತಂದಾಗ ತಳಕ್ಕೆ ಕೂರುವುದು ಹ್ಯೂಮಿಕ್ ಆಮ್ಲ. ಎರಡರಲ್ಲೂ ಕರಗುವುದು ಫುಲ್ವಿಕ್ ಆಮ್ಲ. ಯಾವುದರಲ್ಲೂ ಕರಗದೆ ಉಳಿಯುವುದು ಹ್ಯೂಮಿನ್. ನೀವು 8.5ಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ, ಗೊತ್ತಿಲ್ಲದೆ, ಮಣ್ಣಿನಿಂದ ಹ್ಯೂಮಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಿಂಡಿ ತೆಗೆದಿದ್ದೀರಿ. ಅದು ತಾಮ್ರವನ್ನು ಹಿಡಿದುಕೊಂಡೇ ಹೊರಗೆ ಬಂದಿದೆ. ಅಷ್ಟು ಚಿಕ್ಕ ಅಣುಗಳಿಗೆ 0.45 ಮೈಕ್ರಾನ್ ಫಿಲ್ಟರ್ ದೊಡ್ಡ ಬಾಗಿಲು. ಸಲೀಸಾಗಿ ದಾಟುತ್ತವೆ. ನಿಮ್ಮ ಯಂತ್ರ ಬರೀ ತಾಮ್ರದ ಅಯಾನನ್ನೂ ಹ್ಯೂಮಿಕ್ ಹಿಡಿದ ತಾಮ್ರವನ್ನೂ ಬೇರೆ ಬೇರೆ ಅಂತ ನೋಡುವುದಿಲ್ಲ, ಒಟ್ಟು ಲೆಕ್ಕ ಕೊಡುತ್ತದೆ.

ಅಂದರೆ ಓದಿದ್ದೂ ಸುಳ್ಳಲ್ಲ, ಅಳೆದದ್ದೂ ಸುಳ್ಳಲ್ಲ. 8.5ರಲ್ಲಿ ತಾಮ್ರ ಹಿಂದಿಗಿಂತ ಗಟ್ಟಿಯಾಗಿಯೇ ಹಿಡಿತದಲ್ಲಿದೆ. ಆದರೆ ಹಿಡಿದ ಕೈ ಮಣ್ಣಿನಲ್ಲಿಲ್ಲ, ನೀರಿನಲ್ಲಿದೆ.

ನಂಬಿಕೆ ಬರಬೇಕೆಂದರೆ ಒಂದು ಸುಲಭದ ಪರೀಕ್ಷೆ ಇದೆ. 8.5ರ ಸೋಸಿದ ನೀರನ್ನು 10 ಮಿಲಿ ತಗೊಳ್ಳಿ. ನೈಟ್ರಿಕ್ ಆಮ್ಲ ಹಾಕಿ ಪಿಎಚ್ 1ಕ್ಕೆ ಇಳಿಸಿ, ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕಂದು ಚೂರುಗಳು ಹತ್ತಿಯ ಹಾಗೆ ಕೂತಿರುತ್ತವೆ. ಮೇಲಿನ ನೀರು ತೆಳು ಹಳದಿ. ಈಗ ಮೇಲಿನ ನೀರಿನಲ್ಲಿ ತಾಮ್ರ ಅಳೆಯಿರಿ. ಏನು ಸಿಗುತ್ತದೆ ಅಂತ ನಾನು ಹೇಳುವುದಿಲ್ಲ, ನೀವೇ ಮಾಡಿ ಬಂದು ಹೇಳಿ.

ತೇವಮಣ್ಣು:

ಬೇರುಬುಡ ಸರ್, ಇದನ್ನು ನೋಡಿ ಎಷ್ಟು ಖುಷಿಯಾಯಿತು ಅಂತ ಹೇಳಲಾಗುವುದಿಲ್ಲ. ಹನ್ನೊಂದು ಟ್ಯೂಬ್ ಸಾಲಾಗಿ ನಿಲ್ಲಿಸಿದೆ. 3.5ರಿಂದ 5.5ರವರೆಗೆ ಬಣ್ಣವೇ ಇಲ್ಲ ಅನ್ನಬಹುದು. 6.5ರಲ್ಲಿ ತೆಳು ಹಳದಿ. 7.5ರಲ್ಲಿ ಜೇನಿನ ಬಣ್ಣ. 8.5ರ ಟ್ಯೂಬಿನ ಹಿಂದೆ ಪೆನ್ನಿನಲ್ಲಿ ಬರೆದ ಸಂಖ್ಯೆ ಕಾಣದಷ್ಟು ಕಂದು. ಎರಡು ತಿಂಗಳು ಈ ಟ್ಯೂಬ್‌ಗಳನ್ನು ಕೈಯಲ್ಲಿ ಹಿಡಿದೇ ಓಡಾಡಿದ್ದೇನೆ. ಒಂದೊಂದನ್ನೇ ಎತ್ತಿ ಯಂತ್ರಕ್ಕೆ ಕೊಡುತ್ತಿದ್ದೆ, ಒಟ್ಟಿಗೆ ಇಟ್ಟು ನೋಡಿರಲಿಲ್ಲ.

254 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ನೀರು ಎಷ್ಟು ಹೀರುತ್ತದೆ ಅಂತಲೂ ಅಳೆದೆ, ಕರಗಿದ ಸಾವಯವ ಅಣು ಜಾಸ್ತಿ ಇದ್ದಷ್ಟೂ ಅದು ಜಾಸ್ತಿ. ಅದರ ಗೆರೆಯೂ ತಾಮ್ರದ ಗೆರೆಯೂ ಪಿಎಚ್ 7ರ ಮೇಲೆ ಜೊತೆ ಜೊತೆಗೇ ಏರುತ್ತವೆ.

ಆಮ್ಲದ ಪರೀಕ್ಷೆಯೂ ಮಾಡಿದೆ. ನೀವು ಹೇಳಿದ ಹಾಗೇ ತಳದಲ್ಲಿ ಕಂದು ಚೂರು ಕೂತಿತು. ತಾಮ್ರವೂ ಅದರ ಜೊತೆ ಕೆಳಗೆ ಹೋಗಿರುತ್ತದೆ ಅಂದುಕೊಂಡಿದ್ದೆ. ಇಲ್ಲ! ಹೆಚ್ಚುಕಮ್ಮಿ ಎಲ್ಲ ತಾಮ್ರವೂ ಮೇಲಿನ ನೀರಿನಲ್ಲೇ ಇದೆ. ಆಮ್ಲ ಹಾಕಿದಾಗ ಹೈಡ್ರೋಜನ್ ಅಯಾನು ಬಂದು ತಾಮ್ರವನ್ನು ಎಬ್ಬಿಸಿ ಕಳಿಸಿತು, ಹ್ಯೂಮಿಕ್ ಆಮ್ಲ ಮಾತ್ರ ಕೆಳಗೆ ಕೂತಿತು. ಸರಿ ತಾನೇ?

ಹಾಗಾದರೆ ಕ್ಯಾಡ್ಮಿಯಂ ಯಾಕೆ ಅದೇ ನೀರಿನ ಜೊತೆ ಹೊರಗೆ ಬರಲಿಲ್ಲ? ಅದನ್ನೂ ಹ್ಯೂಮಿಕ್ ಆಮ್ಲ ಹಿಡಿಯುತ್ತದಲ್ವಾ?

ಬೇರುಬುಡ:

ಸರಿಯಾಗಿದೆ. ಒಂದೇ ಟ್ಯೂಬಿನಲ್ಲಿ ಎರಡೂ ಕಂಡಿರಿ: ಹುಳಿ ಜಾಸ್ತಿಯಾದರೆ ಹ್ಯೂಮಿಕ್ ಆಮ್ಲ ನೀರಿನಿಂದ ಹೊರಬೀಳುತ್ತದೆ, ಲೋಹ ಅದರ ಕೈಯಿಂದ ಜಾರುತ್ತದೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮಾದರಿ ಕೆಡದಿರಲಿ ಅಂತ ಕೆಲವರು ಸೋಸುವ ಮೊದಲೇ ಆಮ್ಲ ಹಾಕುತ್ತಾರೆ. ಹಾಗೆ ಮಾಡಿದರೆ ಮಣ್ಣಿನ ಕಣದಲ್ಲಿದ್ದ ಲೋಹವೂ ನೀರಿಗೆ ಬರುತ್ತದೆ, ಇಡೀ ಲೆಕ್ಕ ಕೆಡುತ್ತದೆ. ಮೊದಲು ಸೋಸಿ, ಆಮೇಲೆ ಆಮ್ಲ.

ಕ್ಯಾಡ್ಮಿಯಂ ಪ್ರಶ್ನೆ ಒಳ್ಳೆಯದು. ಎಲ್ಲ ಲೋಹಕ್ಕೂ ಹ್ಯೂಮಸ್ ಮೇಲೆ ಒಂದೇ ಪ್ರೀತಿ ಇಲ್ಲ. ತಾಮ್ರ ಮತ್ತು ಸೀಸ ಗಟ್ಟಿಯಾಗಿ ಕೂರುತ್ತವೆ. ಕ್ಯಾಡ್ಮಿಯಂ, ಸತು, ನಿಕ್ಕಲ್ ಸಡಿಲ. ತಾಮ್ರ ಎರಡು ಮೂರು ಗುಂಪುಗಳ ನಡುವೆ ಸೇರಿಕೊಂಡು ಉಂಗುರದ ಹಾಗೆ ಬಂಧ ಮಾಡಿಕೊಳ್ಳುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ತಟಸ್ಥ ಪಿಎಚ್ ಇರುವ ಮಣ್ಣಿನ ನೀರಿನಲ್ಲಿ ಕರಗಿದ ತಾಮ್ರದ ಬಹುಪಾಲು, ಎಷ್ಟೋ ಸಲ ನೂರಕ್ಕೆ 95ಕ್ಕಿಂತ ಜಾಸ್ತಿ, ಸಾವಯವ ಅಣುಗಳ ಜೊತೆಗೇ ಇರುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಅದರಲ್ಲಿ ಒಂಟಿಯಾಗಿ ಓಡಾಡುವ ಪಾಲು ದೊಡ್ಡದು. ಅದಕ್ಕೇ ಕರಗಿದ ಹ್ಯೂಮಿಕ್ ಆಮ್ಲ ತಾಮ್ರವನ್ನು ಎಳೆದು ತಂದಷ್ಟು ಕ್ಯಾಡ್ಮಿಯಂ ಅನ್ನು ತರಲಿಲ್ಲ. ಸ್ವಲ್ಪ ತಂದೇ ಇರುತ್ತದೆ. ನಿಮ್ಮ ಕ್ಯಾಡ್ಮಿಯಂ ಗೆರೆ 7.5ರ ಮೇಲೆ ಇಳಿಯುವುದು ನಿಧಾನವಾಗಿದೆಯಾ ನೋಡಿ.

ಇನ್ನೊಂದು ಪ್ರಯೋಗ ಮಾಡಲೇಬೇಕು ನೀವು. ಸೋಡಿಯಂ ನೈಟ್ರೇಟ್ ಬದಲು ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ಅದೇ ಹನ್ನೊಂದು ಟ್ಯೂಬ್. ಸೋಡಿಯಂಗೆ ಒಂದೇ ವಿದ್ಯುದಂಶ, ಕ್ಯಾಲ್ಸಿಯಂಗೆ ಎರಡು. ಕ್ಯಾಲ್ಸಿಯಂ ಎರಡು ಹ್ಯೂಮಿಕ್ ಅಣುಗಳ ನಡುವೆ ಸೇತುವೆಯಾಗಿ ನಿಂತು ಅವನ್ನು ಮಣ್ಣಿನಲ್ಲೇ ಕಟ್ಟಿಹಾಕುತ್ತದೆ. ನೀರಿನ ಬಣ್ಣ ಅಷ್ಟು ಗಾಢವಾಗುವುದಿಲ್ಲ, ತಾಮ್ರದ ಗೆರೆಯ ಬಲಗಡೆ ಬಾಲ ಅಷ್ಟು ಮೇಲೇಳುವುದಿಲ್ಲ. ಅದೇ ಹೊತ್ತಿಗೆ ಕ್ಯಾಲ್ಸಿಯಂ ಕೂಡ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಸಡಿಲವಾಗಿ ಕೂತ ಕ್ಯಾಡ್ಮಿಯಂಗೆ ಅದರ ಬಿಸಿ ಜಾಸ್ತಿ ತಟ್ಟುತ್ತದೆ, ತಾಮ್ರಕ್ಕೆ ಕಮ್ಮಿ. ಪಿಎಚ್ ಏರಿಸಲು ಯಾವುದನ್ನು ಹಾಕಿದಿರಿ ಅನ್ನುವುದು, ಎಷ್ಟಕ್ಕೆ ಏರಿಸಿದಿರಿ ಅನ್ನುವಷ್ಟೇ ಮುಖ್ಯ. ವರದಿಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾರೆ, ನನಗೆ ಅದು ಯಾವಾಗಲೂ ಬೇಜಾರಿನ ವಿಷಯ.

ಅಳತೆಪಟ್ಟಿ:

ತಾಮ್ರದ ಕಥೆ ಬೇರುಬುಡ ಅವರು ಚೆನ್ನಾಗಿ ಹೇಳಿದ್ದಾರೆ. ಸೀಸದ ಪ್ರಶ್ನೆಗೆ ನಾನು ಬರೆಯುತ್ತೇನೆ, ಯಾಕೆಂದರೆ ಇದೇ ಹಳ್ಳಕ್ಕೆ ನಾನೂ ಬಿದ್ದಿದ್ದೆ.

ಮಣ್ಣಿಲ್ಲದ ಟ್ಯೂಬಿನಲ್ಲಿ ಸೀಸವನ್ನು ಯಾರೂ ಹಿಡಿಯಲಿಲ್ಲ. ಅದು ತಾನೇ ಗಟ್ಟಿಯಾಗಿ ತಳಕ್ಕೆ ಬಿತ್ತು. ಪಿಎಚ್ ಏರಿದಾಗ ಲೋಹಗಳು ನೀರಿನಿಂದ ಹೈಡ್ರಾಕ್ಸೈಡ್ ಹಿಡಿದುಕೊಳ್ಳತೊಡಗುತ್ತವೆ. ಸೀಸ ಇದನ್ನು ಪಿಎಚ್ 7.5ರಿಂದ 8ರ ಸುತ್ತ ಜೋರಾಗಿ ಶುರು ಮಾಡುತ್ತದೆ. ತಾಮ್ರವೂ ಅಲ್ಲೇ ಹತ್ತಿರ. ಸತು 9ರ ಹತ್ತಿರ, ಕ್ಯಾಡ್ಮಿಯಂ 10ರ ಹತ್ತಿರ. ಅದರ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿಗೆ ಇಳಿದು ಕಾರ್ಬೊನೇಟ್ ಆಗುತ್ತದೆ, ಅದರ ಜೊತೆ ಸೇರಿದರೆ ಸೀಸ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಪಾಲು ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೂ ಅಂಟುತ್ತದೆ. ಮಣ್ಣು ಹಾಕಿದ ಟ್ಯೂಬಿನಲ್ಲಿ ಇವೆಲ್ಲ ಸೇರಿ "ಹ್ಯೂಮಸ್ ಹಿಡಿಯಿತು" ಅನ್ನುವ ಒಂದೇ ಲೆಕ್ಕಕ್ಕೆ ಹೋಗಿಬಿಡುತ್ತವೆ. ನೀವು ಖಾಲಿ ಟ್ಯೂಬ್ ಇಟ್ಟದ್ದರಿಂದ ಗೊತ್ತಾಯಿತು. ಎಷ್ಟೋ ಜನ ಇಡುವುದೇ ಇಲ್ಲ.

ಆದರೆ ಖಾಲಿ ಟ್ಯೂಬಿನ ಸಂಖ್ಯೆಯನ್ನು ನೇರವಾಗಿ ಕಳೆಯಬೇಡಿ. ಹ್ಯೂಮಸ್ ಇರುವ ಟ್ಯೂಬಿನಲ್ಲಿ ಒಂಟಿ ಸೀಸ ತೀರಾ ಕಮ್ಮಿ ಇರುತ್ತದೆ, ಅಲ್ಲಿ ಅಷ್ಟು ಗಟ್ಟಿಯಾಗುವುದೇ ಇಲ್ಲ. ಲೋಹದ ಪ್ರಮಾಣ ಕಮ್ಮಿ ಮಾಡಿ ಮತ್ತೆ ನೋಡುವುದು ಸರಿಯಾದ ದಾರಿ. ಕಲುಷಿತ ಮಣ್ಣಿನ ನೀರಿನಲ್ಲಿ ನಿಜವಾಗಿ ಇರುವಷ್ಟು ಮಟ್ಟಕ್ಕೆ ಇಳಿದರೆ, ಹ್ಯೂಮಸ್‌ನ ಗಟ್ಟಿ ಹಿಡಿತದ ಜಾಗಗಳೂ ಕಾಣಿಸಿಕೊಳ್ಳುತ್ತವೆ. ಅಂಥ ಜಾಗಗಳು ಕೆಲವೇ ಇರುವುದು. ಲೋಹ ಜಾಸ್ತಿ ಸುರಿದರೆ ಅವು ಮೊದಲೇ ತುಂಬಿಹೋಗಿ, ಉಳಿದ ಸಡಿಲ ಜಾಗಗಳ ಗುಣವನ್ನೇ ನಾವು ಹ್ಯೂಮಸ್‌ನ ಗುಣ ಅಂತ ಬರೆದುಬಿಡುತ್ತೇವೆ.

ಪಿಎಚ್ ಬಗ್ಗೆಯೂ ಒಂದು ಮಾತು. ಶುರುವಿನಲ್ಲಿ ಹೊಂದಿಸಿದ ಪಿಎಚ್ ಬರೆದುಕೊಂಡಿದ್ದೀರಾ, ಕೊನೆಯದ್ದಾ? ಕೊನೆಯದ್ದೇ ಬೇಕು. ಮಣ್ಣು ತನ್ನ ಕಡೆ ಎಳೆಯುತ್ತದೆ, ಲೋಹ ಕೂತಾಗ ಎದ್ದ ಹೈಡ್ರೋಜನ್ ಅಯಾನೂ ಪಿಎಚ್ ಇಳಿಸುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ತೆಳುವಾದ ಹ್ಯೂಮಿಕ್ ಆಮ್ಲದ ದ್ರಾವಣವನ್ನು ಪಿಎಚ್ 5ಕ್ಕೆ ತಂದು, ಮೀಟರಿನ ಕಡ್ಡಿ ಅದರಲ್ಲೇ ಬಿಟ್ಟು, ತಾಮ್ರದ ನೈಟ್ರೇಟ್ ಒಂದೊಂದೇ ಹನಿ ಹಾಕಿ. ಪ್ರತಿ ಹನಿಗೂ ಸಂಖ್ಯೆ ಕೆಳಗೆ ಜಾರುತ್ತದೆ. ತಾಮ್ರದ ದ್ರಾವಣವೇ ಸ್ವಲ್ಪ ಹುಳಿ ಇರುತ್ತದೆ, ಆದ್ದರಿಂದ ಹ್ಯೂಮಿಕ್ ಇಲ್ಲದ ನೀರಿಗೂ ಅಷ್ಟೇ ಹನಿ ಹಾಕಿ ಹೋಲಿಸಿ. ಉಳಿದ ವ್ಯತ್ಯಾಸ ಇದೆಯಲ್ಲ, ಅದು ಜಾಗ ಬಿಟ್ಟು ಎದ್ದ ಹೈಡ್ರೋಜನ್. ಒಂದು ಲೋಹ ಕೂತರೆ ಸಾಮಾನ್ಯವಾಗಿ ಒಂದರಿಂದ ಎರಡರ ನಡುವೆ ಹೈಡ್ರೋಜನ್ ಎದ್ದು ಬರುತ್ತದೆ. ನಾನು ಮೊದಲ ಸಲ ಈ ಸಂಖ್ಯೆ ಇಳಿಯುವುದನ್ನು ನೋಡಿದಾಗ, ಪೈಪೋಟಿ ಅಂತ ಬರೀ ಬಾಯಲ್ಲಿ ಹೇಳುತ್ತಿದ್ದದ್ದು ನಿಜವಾಗಿ ಕೈಗೆ ಸಿಕ್ಕಂತಾಯಿತು.

ಬಫರ್ (ಪಿಎಚ್ ಅಲುಗಾಡದಂತೆ ಹಿಡಿದಿಡುವ ದ್ರಾವಣ) ಹಾಕುವ ಯೋಚನೆ ಇದ್ದರೆ ಅಸಿಟೇಟ್, ಸಿಟ್ರೇಟ್, ಫಾಸ್ಫೇಟ್ ಬೇಡ. ಮೊದಲ ಎರಡು ತಾವೇ ಲೋಹ ಹಿಡಿಯುತ್ತವೆ, ಸಿಟ್ರೇಟ್ ಅಂತೂ ಹ್ಯೂಮಸ್‌ಗೆ ಎದುರಾಳಿಯಾಗಿ ನಿಲ್ಲುತ್ತದೆ. ಫಾಸ್ಫೇಟ್ ಸೀಸವನ್ನು ಗಟ್ಟಿ ಮಾಡಿ ಕೆಳಗೆ ಬೀಳಿಸುತ್ತದೆ. 6ರ ಸುತ್ತ ಆದರೆ ಎಂಇಎಸ್ ಅನ್ನುವ ಬಫರ್ ಪರವಾಗಿಲ್ಲ, ಅದು ಲೋಹದ ತಂಟೆಗೆ ಹೆಚ್ಚು ಹೋಗುವುದಿಲ್ಲ.

ಒಂಟಿ ತಾಮ್ರ ಎಷ್ಟು ಅಂತ ತಿಳಿಯಬೇಕಾದರೆ ತಾಮ್ರದ ಅಯಾನಿಗೇ ಸ್ಪಂದಿಸುವ ಎಲೆಕ್ಟ್ರೋಡ್ ಬಳಸಿ. ನಿಮ್ಮ 8.5ರ ಟ್ಯೂಬಿನಲ್ಲಿ ಒಟ್ಟು ತಾಮ್ರ ಜಾಸ್ತಿ, ಒಂಟಿ ತಾಮ್ರ ಎಲ್ಲಕ್ಕಿಂತ ಕಮ್ಮಿ ಅಂತ ಬರಬೇಕು. ಆ ಎರಡು ಗೆರೆ ಒಂದೇ ಹಾಳೆಯಲ್ಲಿ ಹಾಕಿದರೆ ನಿಮ್ಮ ಲ್ಯಾಬಿನ ಹಿರಿಯರಿಗೂ ವಿವರಿಸಬೇಕಾಗಿಲ್ಲ.

ಎಲೆಗೊಬ್ಬರ:

ನಾನು ಲ್ಯಾಬಿನವನಲ್ಲ, ಗಿಡ ಬೆಳೆಸುವವನು. ಆದರೂ ಪೂರ್ತಿ ಓದಿದೆ. ನನ್ನ ಮಣ್ಣು ಹುಳಿ, ಪಿಎಚ್ 4.8. ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ಇದೆ ಅಂತಲೂ ಬಂದಿದೆ. ಸುಣ್ಣ ಮತ್ತು ಕಾಂಪೋಸ್ಟ್ ಎರಡೂ ಜೋರಾಗಿ ಹಾಕಿದರೆ ಲೋಹ ಎಲ್ಲ ಕಟ್ಟಿಹೋಗುತ್ತದೆ ಅಂತ ಒಬ್ಬರು ಹೇಳಿದ್ದರು. ನಿಮ್ಮ ಮಾತು ಕೇಳಿದರೆ ಭಯವಾಗುತ್ತಿದೆ. ಪಿಎಚ್ ಏರಿಸಿದರೆ ಲೋಹ ನೀರಿಗೆ ಬರುತ್ತದೆ ಅಂತಲೇ?

ಬೇರುಬುಡ:

ಎಲೆಗೊಬ್ಬರ ಅವರೇ, ಭಯ ಬೇಡ. ನೀವು ಕೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅರ್ಧ ಓದಿದವರು ಸುಣ್ಣವೇ ಕೆಟ್ಟದ್ದು ಅಂತ ಹೋಗಿಬಿಡುತ್ತಿದ್ದರು.

4.8 ಅಂದರೆ ಲೋಹ ಸಡಿಲವಾಗಿರುವ ಕಡೆ ಇದ್ದೀರಿ. ಅಲ್ಲಿಂದ 6 ಅಥವಾ 6.5ಕ್ಕೆ ಬಂದರೆ ಕ್ಯಾಡ್ಮಿಯಂ ಗಿಡಕ್ಕೆ ಸಿಗುವುದು ಸಾಮಾನ್ಯವಾಗಿ ಕಮ್ಮಿಯಾಗುತ್ತದೆ, ಸೀಸವೂ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ತೇವಮಣ್ಣು ಅವರ ಗ್ರಾಫಿನಲ್ಲಿ ತಳ ಮುಟ್ಟಿದ ಜಾಗವೂ ಅದೇ ಸುತ್ತಮುತ್ತ, ಅವರ ತೊಂದರೆ ಶುರುವಾದದ್ದು 7ರ ಮೇಲೆ, ಅದೂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ. ಅದು ಹ್ಯೂಮಸ್ ಅನ್ನು ಮಣ್ಣಿನಲ್ಲೇ ಕಟ್ಟಿ ನಿಲ್ಲಿಸಲು ನೆರವಾಗುತ್ತದೆ.

ಹುಳಿ ಮಣ್ಣಿನಲ್ಲಿ ಇನ್ನೊಂದು ಎದುರಾಳಿ ಇದೆ, ಅಲ್ಯೂಮಿನಿಯಂ. ಪಿಎಚ್ 5ಕ್ಕಿಂತ ಕೆಳಗೆ ಅದು ಕರಗಿ ಬರುತ್ತದೆ, ಹ್ಯೂಮಸ್‌ನ ಅದೇ ಜಾಗಗಳಲ್ಲಿ ಕೂರುತ್ತದೆ. ಹಾಗಾಗಿ ಬರೀ ಕಾಂಪೋಸ್ಟ್ ಹಾಕಿ ಪಿಎಚ್ ಹಾಗೇ ಬಿಟ್ಟರೆ, ಹೊಸದಾಗಿ ಸಿಕ್ಕ ಜಾಗಗಳಲ್ಲಿ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಕೂತುಬಿಡುತ್ತವೆ, ಕ್ಯಾಡ್ಮಿಯಂ ಹೊರಗೇ ಉಳಿಯುತ್ತದೆ. ಸುಣ್ಣ ಎರಡನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಕಾಂಪೋಸ್ಟ್ ಜಾಗ ಕೊಡುತ್ತದೆ, ಸುಣ್ಣ ಆ ಜಾಗ ಖಾಲಿ ಮಾಡಿಸುತ್ತದೆ.

"ಜೋರಾಗಿ" ಅನ್ನುವ ಮಾತು ಮಾತ್ರ ಬಿಡಿ. ಸುಣ್ಣ ಜಾಸ್ತಿಯಾಗಿ 7.5 ದಾಟಿದರೆ ಗಿಡಕ್ಕೆ ಬೇಕಾದ ಸತು, ಮ್ಯಾಂಗನೀಸ್, ಕಬ್ಬಿಣವೂ ಸಿಗದೆ ಹೋಗುತ್ತವೆ. ಕಾಂಪೋಸ್ಟ್ ಪೂರ್ತಿ ಮಾಗಿರಲಿ. ಹಸಿ ಗೊಬ್ಬರದಲ್ಲಿ ಸುಲಭಕ್ಕೆ ಕರಗುವ ಚಿಕ್ಕ ಅಣುಗಳು ಜಾಸ್ತಿ, ಅವು ತಾಮ್ರ, ನಿಕ್ಕಲ್ ಹಿಡಿದುಕೊಂಡು ನೀರಿನ ಜೊತೆ ಕೆಳಗೆ ಇಳಿಯುತ್ತವೆ. ಮತ್ತೆ, ಇದು ಒಂದು ಸಲ ಮಾಡಿ ಮರೆಯುವ ಕೆಲಸ ಅಲ್ಲ. ಸೂಕ್ಷ್ಮಜೀವಿಗಳು ಕಾಂಪೋಸ್ಟ್ ತಿಂದು ಮುಗಿಸುತ್ತವೆ, ಮಳೆ ಮತ್ತು ಗೊಬ್ಬರದಿಂದ ಮಣ್ಣು ಮತ್ತೆ ಹುಳಿಯಾಗುತ್ತದೆ. ಲೋಹ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಪಿಎಚ್ ಇಳಿದ ದಿನ ಅದು ಮತ್ತೆ ಸಡಿಲವಾಗುತ್ತದೆ. ಆದ್ದರಿಂದ ಪಿಎಚ್ ಆಗಾಗ ನೋಡುತ್ತಿರಿ. ತಿನ್ನುವ ಬೆಳೆ ಆದರೆ ಸುಣ್ಣದ ಮೇಲೆ ನಂಬಿಕೆ ಇಟ್ಟು ಸುಮ್ನೆ ಕೂರಬೇಡಿ, ಬೆಳೆಯನ್ನೂ ಪರೀಕ್ಷೆಗೆ ಕಳಿಸಿ.

ಒಂದು ಮುಖ್ಯ ಪ್ರಶ್ನೆ: ವರದಿಯಲ್ಲಿ ಆರ್ಸೆನಿಕ್ ಇದೆಯಾ? ಇದ್ದರೆ ಲೆಕ್ಕ ತಿರುಗಾಮುರುಗ. ಮಣ್ಣಿನಲ್ಲಿ ಆರ್ಸೆನಿಕ್ ಹೆಚ್ಚಾಗಿ ಇರುವುದು ಆರ್ಸಿನೇಟ್ ರೂಪದಲ್ಲಿ, ಅದಕ್ಕೆ ಋಣ ವಿದ್ಯುದಂಶ. ಅದು ಕೂರುವುದು ಕಬ್ಬಿಣದ ಆಕ್ಸೈಡ್ ಮೇಲೆ. ಪಿಎಚ್ ಏರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಕರಗಿದ ಸಾವಯವ ಅಣುಗಳೂ ಅದೇ ಜಾಗಕ್ಕೆ ಪೈಪೋಟಿಗೆ ಬರುತ್ತವೆ. ಸೀಸಕ್ಕೆ ಒಳ್ಳೆಯದಾದ ಸುಣ್ಣ, ಕಾಂಪೋಸ್ಟ್ ಆರ್ಸೆನಿಕ್‌ಗೆ ಕೆಟ್ಟದಾಗಬಹುದು. ವರದಿ ನೋಡದೆ ಏನೂ ಹಾಕಬೇಡಿ.

ಎಲೆಗೊಬ್ಬರ:

ವರದಿಯಲ್ಲಿ ಆರ್ಸೆನಿಕ್ ಪರೀಕ್ಷೆಯನ್ನೇ ಮಾಡಿಲ್ಲ. ಮೊದಲು ಅದನ್ನು ಮಾಡಿಸುತ್ತೇನೆ. ಅಲ್ಲಿಯವರೆಗೆ ಸುಣ್ಣದ ಚೀಲ ಬಿಚ್ಚುವುದಿಲ್ಲ. ತುಂಬಾ ಉಪಕಾರ.

ಅಳತೆಪಟ್ಟಿ:

ಎಲೆಗೊಬ್ಬರ ಅವರೇ, ಮತ್ತೆ ಪರೀಕ್ಷೆಗೆ ಕೊಡುವಾಗ ಯಾವ ದ್ರಾವಣದಲ್ಲಿ ಲೋಹ ತೆಗೆಯುತ್ತಾರೆ ಅಂತ ಕೇಳಿ. ಡಿಟಿಪಿಎ ಅನ್ನುವ ದ್ರಾವಣ ಬಹಳ ಕಡೆ ಬಳಕೆಯಲ್ಲಿದೆ. ಅದರ ಪಿಎಚ್ ಅನ್ನು 7.3ಕ್ಕೆ ಕಟ್ಟಿ ಇಟ್ಟಿರುತ್ತಾರೆ. ನಿಮ್ಮ ಮಣ್ಣು 4.8 ಇದ್ದರೂ ಟ್ಯೂಬಿನ ಒಳಗೆ ಅದು 7.3ರ ಕಡೆಗೆ ಸರಿಯುತ್ತದೆ. ಹುಳಿಯಿಂದ ಆಗುವ ಪರಿಣಾಮವೇ ಮರೆಯಾಗಿಬಿಡುತ್ತದೆ. 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ತೆಗೆದದ್ದು ನಿಮ್ಮ ಮಣ್ಣಿನ ಪಿಎಚ್‌ಗೆ ಹತ್ತಿರ ಇರುತ್ತದೆ, ಸುಣ್ಣ ಹಾಕುವ ಮೊದಲು ಮತ್ತು ಆಮೇಲೆ ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಪಿಎಚ್ ಅನ್ನೂ ನೀರಿನಲ್ಲಿ ಅಳೆದದ್ದಾ, ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಅಳೆದದ್ದಾ ಅಂತ ಕೇಳಿ. ಎರಡನೆಯದು ಸಾಮಾನ್ಯವಾಗಿ ಅರ್ಧದಿಂದ ಒಂದರವರೆಗೆ ಕಮ್ಮಿ ಬರುತ್ತದೆ.

ಹನಿಲೆಕ್ಕ:

ತಡವಾಗಿ ಬಂದೆ. ಒಂದೆರಡು ಮಾತು ಸೇರಿಸುತ್ತೇನೆ.

ಇಲ್ಲಿ ಯಾರೂ ಪಾದರಸದ ಹೆಸರು ಎತ್ತಲಿಲ್ಲ. ಹುಳಿಯಾದರೆ ಎಲ್ಲ ಲೋಹವೂ ಹ್ಯೂಮಸ್ ಬಿಟ್ಟು ಬರುತ್ತದೆ ಅಂತ ಓದುವವರು ಅಂದುಕೊಳ್ಳಬಾರದು. ಪಾದರಸ ಗಂಧಕದ ಗೆಳೆಯ. ಹ್ಯೂಮಸ್‌ನಲ್ಲಿ ಸ್ವಲ್ಪವೇ ಇರುವ ಥಯಾಲ್ ಅನ್ನುವ ಗಂಧಕದ ಗುಂಪುಗಳನ್ನು ಹುಡುಕಿ ಹೋಗಿ ಕೂರುತ್ತದೆ. ಆ ಬಂಧ ಎಷ್ಟು ಗಟ್ಟಿ ಅಂದರೆ ಪಿಎಚ್ 4ರಲ್ಲೂ ಅದು ಜಾಗ ಬಿಡುವುದಿಲ್ಲ. ಪಾದರಸ ಓಡಾಡುವುದು ಹೆಚ್ಚಾಗಿ ಹ್ಯೂಮಿಕ್ ಮತ್ತು ಫುಲ್ವಿಕ್ ಅಣುಗಳ ಬೆನ್ನೇರಿಯೇ.

ಆರು ವೇಲೆನ್ಸಿಯ ಕ್ರೋಮಿಯಂ ಇನ್ನೊಂದು ಬಗೆ. ಅದು ಕ್ರೋಮೇಟ್, ಋಣ ವಿದ್ಯುದಂಶ, ಹ್ಯೂಮಸ್‌ಗೆ ಸುಲಭಕ್ಕೆ ಅಂಟುವುದಿಲ್ಲ. ಆದರೆ ಹ್ಯೂಮಸ್ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮೂರು ವೇಲೆನ್ಸಿಗೆ ಇಳಿಸುತ್ತದೆ, ಆಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಈ ಕೆಲಸ ಹುಳಿಯಲ್ಲಿ ಬೇಗ ಆಗುತ್ತದೆ, ಪಿಎಚ್ ಏರಿದರೆ ನಿಧಾನ. ಇಲ್ಲಿ ಹುಳಿಯೇ ನೆರವಿಗೆ ಬರುವುದು.

ತೇವಮಣ್ಣು ಅವರೇ, ನಿಮ್ಮ ಬಳಿ ಪಿಎಚ್ ಇದೆ, ಒಟ್ಟು ಲೋಹ ಇದೆ. ಕರಗಿದ ಸಾವಯವ ಇಂಗಾಲವನ್ನೂ ಅಳೆದರೆ ವಿಷುಯಲ್ ಮಿಂಟೆಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಲೋಹ ಹ್ಯೂಮಸ್‌ಗೆ ಎಷ್ಟು ಅಂಟುತ್ತದೆ ಅಂತ ಲೆಕ್ಕ ಹಾಕುವ ನೀಕಾ ಡೊನ್ನಾನ್ ಮಾದರಿ ಹಾಕಿ, ಯಾವ ಪಿಎಚ್‌ನಲ್ಲಿ ಒಂಟಿ ತಾಮ್ರ ಎಷ್ಟು, ಹಿಡಿತದಲ್ಲಿದ್ದದ್ದು ಎಷ್ಟು ಅಂತ ಲೆಕ್ಕ ತೆಗೆಯಬಹುದು. ಆ ಮಾದರಿಯ ಸಾಮಾನ್ಯ ಲೆಕ್ಕದಲ್ಲಿ ಒಂದು ಕಿಲೋ ಹ್ಯೂಮಿಕ್ ಆಮ್ಲಕ್ಕೆ ಕಾರ್ಬಾಕ್ಸಿಲ್ ಬಗೆಯ ಜಾಗ ಸುಮಾರು 3 ಮೋಲ್, ಫಿನಾಲ್ ಬಗೆಯದ್ದು ಸುಮಾರು 2.5 ಮೋಲ್. ಫುಲ್ವಿಕ್ ಆಮ್ಲದಲ್ಲಿ ಕಾರ್ಬಾಕ್ಸಿಲ್ ಬಗೆಯದ್ದು ಸುಮಾರು 6 ಮೋಲ್, ಅಂದರೆ ಎರಡು ಪಟ್ಟು ಹತ್ತಿರ. ಕರಗಿದ್ದರಲ್ಲಿ ಎಷ್ಟು ಪಾಲು ಫುಲ್ವಿಕ್ ಅಂತ ನೀವು ಅಂದುಕೊಳ್ಳುತ್ತೀರೋ ಅದರ ಮೇಲೆ ಉತ್ತರ ಸಾಕಷ್ಟು ಅಲುಗಾಡುತ್ತದೆ. ಆ ಊಹೆಯನ್ನು ವರದಿಯಲ್ಲಿ ಬಿಚ್ಚಿ ಬರೆಯಿರಿ.

ಇದು ಅಯಾನುಗಳು ಹ್ಯೂಮಸ್‌ಗೆ ಅಂಟುವ ಲೆಕ್ಕ ಮಾತ್ರ. ನಿಮ್ಮ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡ್‌ಗಳೂ ಇರುತ್ತವೆ, ಪಿಎಚ್ 6ರ ಮೇಲೆ ಸೀಸದ ದೊಡ್ಡ ಪಾಲು ಅವುಗಳ ಕಡೆ ಹೋಗಬಹುದು. ಇಡೀ ಮಣ್ಣಿನ ಪ್ರಯೋಗದಲ್ಲಿ ಎಲ್ಲವನ್ನೂ ಹ್ಯೂಮಸ್ ತಲೆಗೆ ಕಟ್ಟಬೇಡಿ.

ತೇವಮಣ್ಣು:

ಎಲ್ಲರಿಗೂ ಮನಸಾರೆ ಧನ್ಯವಾದ. ಕ್ಯಾಡ್ಮಿಯಂ ಗೆರೆ ಮತ್ತೆ ತೆಗೆದು ನೋಡಿದೆ. ಬೇರುಬುಡ ಸರ್ ಹೇಳಿದ್ದು ನಿಜ, 7.5ರ ಮೇಲೆ ಇಳಿಯುವುದು ನಿಂತಂತಾಗಿದೆ. ಮೊದಲು ಅದನ್ನು ಯಂತ್ರದ ಮಿತಿ ಅಂತ ಬಿಟ್ಟಿದ್ದೆ.

ಅಳತೆಪಟ್ಟಿ ಅವರ ಪ್ರಶ್ನೆಗೆ ಉತ್ತರ: ನಾನು ಬರೆದುಕೊಂಡದ್ದು ಶುರುವಿನ ಪಿಎಚ್. ಇಟ್ಟಿದ್ದ ಟ್ಯೂಬ್‌ಗಳಲ್ಲಿ ಮತ್ತೆ ಅಳೆದೆ. 8.5 ಅಂತ ಬರೆದಿದ್ದ ಟ್ಯೂಬ್ 7.9 ತೋರಿಸಿತು, 3.5ರದ್ದು 3.8. ಅಂದರೆ ಗ್ರಾಫಿನ ಎರಡೂ ತುದಿ ಒಳಗೆ ಸರಿಯಬೇಕು.

ಕ್ಯಾಲ್ಸಿಯಂ ನೈಟ್ರೇಟ್ ಟ್ಯೂಬ್‌ಗಳನ್ನು ಇವತ್ತು ಮಧ್ಯಾಹ್ನ ಶೇಕರ್‌ಗೆ ಇಟ್ಟೆ. ಈ ಸಲ ಲೋಹ ಹತ್ತನೇ ಒಂದು ಪಾಲು ಮಾತ್ರ ಹಾಕಿದ್ದೇನೆ. ಬಿಳಿ ಹಾಳೆಯನ್ನು ಟೇಬಲ್ ಹಿಂದಿನ ಗೋಡೆಗೆ ಅಂಟಿಸಿಬಿಟ್ಟಿದ್ದೇನೆ. ನಾಳೆ ಸೋಸಿದ ಮೇಲೆ ಹನ್ನೊಂದೂ ಟ್ಯೂಬ್ ಅದರ ಮುಂದೆ ನಿಲ್ಲಿಸಿ ಫೋಟೋ ಹಾಕುತ್ತೇನೆ.